ಹತ್ತೊಂಬತ್ತು ಕನ್ನಡಿಗಳ ಬಸ್ಸು

ಏಪ್ರಿಲ್ 12, 2004, ಸೋಮವಾರ

ಶಾಲಾ ಬಸ್ಸುಗಳ ಗ್ಯಾರೇಜಿನಲ್ಲಿ ಮೆಕ್ಯಾನಿಕ್ ಆಗಿದ್ದ ನಲವತ್ತು ವರ್ಷವೂ ಕೈಗೆ ಬಂದ ಪ್ರತಿ ಗಾಡಿಗೂ ಒಂದು ನೋಟ್‌ಬುಕ್ ಇಟ್ಟವನು ನಾನು. ನಿವೃತ್ತನಾಗಿ ಆರು ತಿಂಗಳಾಯಿತು, ಚಟ ಹೋಗಿಲ್ಲ. ಇದು ಈ ಬಸ್ಸಿನ ಪುಸ್ತಕ. ನನ್ನ ಹೊರತು ಯಾರೂ ಓದಬೇಕಾಗಿಲ್ಲ.

1949ರ ಗಾಡಿ. ಮೂತಿ ದುಂಡಗೆ, ಎಂಜಿನ್ ಹಿಂದೆ. ಒಂದು ಕಾಲದಲ್ಲಿ ಊರಿಂದೂರಿಗೆ ಜನ ಸಾಗಿಸಿದ್ದು. ಆಮೇಲೆ ಯಾರೋ ಸೀಟೆಲ್ಲ ಕಿತ್ತು ಒಳಗೆ ಮನೆ ಕಟ್ಟಿಕೊಂಡಿದ್ದಾರೆ. ಮುಚ್ಚಿಹೋದ ಬೆಣ್ಣೆ ಕಾರ್ಖಾನೆಯ ಹಿಂದೆ ಹನ್ನೆರಡು ವರ್ಷದಿಂದ ನಿಂತಿತ್ತಂತೆ. ಬಾಗಿಲಿಗೆ ಒತ್ತಿಕೊಂಡೇ ಒಂದು ಮರ ಬೆಳೆದಿತ್ತು. ಸ್ಟ್ಯಾನ್ ಪೋಸ್ಪಿಶಿಲ್‌ಗೆ ಆ ಜಾಗ ಖಾಲಿ ಮಾಡುವ ಕೆಲಸ ಸಿಕ್ಕಿದೆ. ನನ್ನ ಜೊತೆ ಒಂದನೇ ಕ್ಲಾಸಿನಿಂದ ಓದಿದವನು, ಬಾಯಿಗೆ ಬ್ರೇಕಿಲ್ಲ.

"ಗುಜರಿಗೆ ಹೋಗೋದು. ಬೇಕಾದ್ರೆ ಎಳ್ಕೊಂಡು ಹೋಗು. ನಿನ್ನ ಹಾಗೇ ಇದೆ ನೋಡು, ತುಕ್ಕು ಹಿಡಿದಿದೆ, ಜಾಗ ಬಿಟ್ಟು ಕದಲಲ್ಲ" ಅಂದ.

ಏಕೆ ತಂದೆನೋ ಗೊತ್ತಿಲ್ಲ. ಕಿಟಕಿಯ ಧೂಳು ಒರೆಸಿ ಒಳಗೆ ಇಣುಕಿದೆ. ಏನೋ ಮಿನುಗಿತು. ಅದೇನೆಂದು ನೋಡಬೇಕಿತ್ತು, ಅಷ್ಟೆ.

ಟ್ರ್ಯಾಕ್ಟರಿನಲ್ಲಿ ಎಳೆದು ಅಂಗಳಕ್ಕೆ ತಂದಾಗ ಲಿಬ್ಬಿ ಮೆಟ್ಟಿಲ ಮೇಲೆ ನಿಂತು ಏನೋ ಕೇಳಿದಳು. "ಹೌದು" ಅಂದೆ. ಅವಳು ಕೇಳಿದ್ದು "ತಲೆ ಕೆಟ್ಟಿದೆಯಾ ನಿನಗೆ" ಅಂತ. ನನ್ನ ಹೆಂಡತಿ ಈಚೆಗೆ ಮಾತನ್ನು ಬಾಯಲ್ಲೇ ನುಂಗುತ್ತಾಳೆ.

ಏಪ್ರಿಲ್ 15, ಗುರುವಾರ

ಬಾಗಿಲು ಇವತ್ತು ಬಿಚ್ಚಿಕೊಂಡಿತು. ಒಳಗೆ ಇಲಿಯ ಗೂಡು ಮೂರು, ಕಣಜದ ಗೂಡು ಒಂದು. ಮುಂಭಾಗದ ಚಾವಣಿ ಸೋರಿ ನೆಲ ಕೊಳೆತಿದೆ. ಆದರೆ ಮರಗೆಲಸ ನೋಡಬೇಕು. ಬರ್ಚ್ ಮರದ ಕಪಾಟು, ಹೊರಗೆ ಒಂದು ಮೊಳೆಯ ತಲೆ ಕಾಣುವುದಿಲ್ಲ. ಬಸ್ಸಿನ ಗೋಡೆ ಎಲ್ಲೆಲ್ಲಿ ಬಾಗುತ್ತದೋ ಅಲ್ಲಲ್ಲಿ ಹಲಗೆಯೂ ಅಷ್ಟೇ ಬಾಗಿ ಕೂತಿದೆ. ಅವಸರದ ಮನುಷ್ಯನ ಕೆಲಸವಲ್ಲ.

ಕಿಟಕಿಯಿಂದ ಮಿನುಗಿದ್ದು ಕನ್ನಡಿ. ಒಂದಲ್ಲ. ಒಲೆಯ ಮೇಲೆ, ಮೇಜಿನ ಎದುರು, ಮಂಚದ ಕಾಲ ಬಳಿ, ಬಾಗಿಲ ಮೂಲೆಯಲ್ಲಿ, ಚಾವಣಿಯ ಉದ್ದಕ್ಕೂ. ಅಂಗೈ ಅಗಲದವು, ಒಂದೊಂದೂ ಹಿತ್ತಾಳೆಯ ಗುಂಡಿನ ಮೇಲೆ ಕೂತು ಬೇಕಾದತ್ತ ತಿರುಗುತ್ತವೆ. ಎಣಿಸಿದೆ, ಹದಿನೇಳು. ಮುಖ ಕ್ಷೌರಕ್ಕೆ ಒಂದು ಸಾಕು. ತಲೆ ಬಾಚಲು ಇನ್ನೊಂದಿರಲಿ. ಉಳಿದ ಹದಿನೈದು ಏತಕ್ಕೆ?

ಹೋಟೆಲಿನಲ್ಲಿ ಸ್ಟ್ಯಾನ್‌ಗೆ ಹೇಳಿದೆ. ನನ್ನ ಭುಜಕ್ಕೆ ಭುಜ ತಾಗಿಸಿ, "ಓಡಾಡೋ ಕ್ಷೌರದಂಗಡಿ ಕಣೋ ಅದು" ಅಂದ. ಆಚೆ ಮೇಜಿನವರು ಇನ್ನೂ ಏನೇನೋ ಸೇರಿಸಿದರು. ಅಲ್ಲಿ ಹೊಸ ಫ್ಯಾನು ಹಾಕಿದ್ದಾರೆ, ಅದರ ಗದ್ದಲದಲ್ಲಿ ಯಾರ ಮಾತೂ ತಿಳಿಯುವುದಿಲ್ಲ. ಎಲ್ಲರೂ ನಕ್ಕಾಗ ನಾನೂ ನಕ್ಕು, ತಿನ್ನದೆ ಉಳಿದ ಕೊಲಾಚೆ ಸಿಹಿಬನ್ನನ್ನು ಕಾಗದದಲ್ಲಿ ಸುತ್ತಿಸಿಕೊಂಡು ಎದ್ದು ಬಂದೆ.

ಏಪ್ರಿಲ್ 21, ಬುಧವಾರ

ಕೊಳೆತ ನೆಲ ಕಿತ್ತೆ. ಅಡಿಯಲ್ಲಿ ಇನ್ನೊಂದು ಒಗಟು.

ಎಂಜಿನ್ನಿನಿಂದ ಡ್ರೈವರ್ ಸೀಟಿನವರೆಗೆ ಒಂದು ಉಕ್ಕಿನ ಸರಳು ಬಂದಿದೆ, ಹೆಬ್ಬೆರಳು ದಪ್ಪ. ಗೇರಿನದಲ್ಲ. ಬ್ರೇಕಿನದಲ್ಲ. ಯಾವುದನ್ನೂ ಎಳೆಯುವುದಿಲ್ಲ, ತಳ್ಳುವುದಿಲ್ಲ. ಹಿಂದಿನ ತುದಿ ಎಂಜಿನ್ನಿಗೆ ಬೋಲ್ಟಾಗಿದೆ. ಮುಂದಿನ ತುದಿ ಸೀಟಿನ ಎಡಕ್ಕೆ ನೆಲದಿಂದ ಮೇಲೆದ್ದು ಒಂದು ಮರದ ಗುಬುಟಿನಲ್ಲಿ ಮುಗಿಯುತ್ತದೆ. ಗುಬುಟು ಸವೆದು ನುಣುಪಾಗಿದೆ. ವರ್ಷಗಟ್ಟಲೆ ಒಂದು ಅಂಗೈ ಅದರ ಮೇಲಿತ್ತು. ದಾರಿಯಲ್ಲಿ ಪ್ರತಿ ಮೂರಡಿಗೆ ಸರಳಿಗೆ ಚರ್ಮದ ಬಳೆ ತೊಡಿಸಿ, ಬಸ್ಸಿನ ಮೈಗೆ ಎಲ್ಲೂ ತಾಗದ ಹಾಗೆ ತೂಗು ಹಾಕಿದ್ದಾನೆ. ಅಷ್ಟು ಜೋಪಾನ ಮಾಡಬೇಕಾದರೆ ಅದರಿಂದ ಏನೋ ಕೆಲಸ ಆಗುತ್ತಿರಬೇಕು.

ಮತ್ತೆ ಕೆಂಪು ಬಲ್ಬುಗಳು, ಐದು. ಒಂದು ಡ್ರೈವರನ ಕಣ್ಣೆದುರಿಗೇ. ಮೇಜಿನ ಕೆಳಗೊಂದು ಗುಂಡಿ, ಮಂಚದ ತಲೆಯಲ್ಲೊಂದು, ಡ್ರೈವರ್ ಕಾಲ ಬಳಿ ಒಂದು. ಯಾವುದನ್ನು ಒತ್ತಿದರೂ ಐದೂ ಒಟ್ಟಿಗೆ ಹೊತ್ತುವಂತೆ ತಂತಿ ಎಳೆದಿದೆ. ರೇಡಿಯೋ ಮಾತ್ರ ಇಲ್ಲ, ಎಂದೂ ಇದ್ದ ಗುರುತೂ ಇಲ್ಲ. ಊರೂರು ಸುತ್ತುವವನು ರೇಡಿಯೋ ಇಲ್ಲದೆ ಹೊತ್ತು ಹೇಗೆ ಕಳೆದ?

ತಂತಿಯನ್ನು ಇಲಿ ತಿಂದಿದೆ. ಹೊಸದು ಎಳೆಯುತ್ತೇನೆ. ಏತಕ್ಕೆಂದು ತಿಳಿಯದಿದ್ದರೂ ಇದ್ದದ್ದು ಇದ್ದ ಹಾಗೇ ಇರಬೇಕು.

ಮೇ 1, ಶನಿವಾರ

ಎಂಜಿನ್ ಕಚ್ಚಿಕೊಂಡಿತ್ತು. ನಾಲ್ಕು ಸಿಲಿಂಡರಿಗೂ ಎಣ್ಣೆ ಸುರಿದು, ದಿನಾ ಬೆಳಿಗ್ಗೆ ಕಬ್ಬಿಣದ ಹಾರೆ ಹಾಕಿ ಕೂದಲೆಳೆಯಷ್ಟು ತಿರುಗಿಸುತ್ತಿದ್ದೆ. ಒಂಬತ್ತನೇ ದಿನ ಇವತ್ತು ಒಂದು ಸುತ್ತು ತಿರುಗಿತು.

ಲಿಬ್ಬಿ ವಿಲ್ಬರಿನಲ್ಲಿರುವ ತಂಗಿ ಮನೆಗೆ ಹೋಗಿದ್ದಾಳೆ. ಒಂದು ತಿಂಗಳಲ್ಲಿ ಇದು ಮೂರನೇ ಸಲ.

ಮೇ 9, ಭಾನುವಾರ

ಎಂಜಿನ್ ಹೊತ್ತಿತು. ಮೊದಲು ಕಪ್ಪು ಹೊಗೆ, ಆಮೇಲೆ ಬಿಳಿ, ಆಮೇಲೆ ಏನೂ ಇಲ್ಲ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ ಒತ್ತಿ, ಹಿಡಿಯನ್ನು ಕಿವಿಗಿಟ್ಟು ಕೇಳಿದೆ. ನಲವತ್ತು ವರ್ಷ ಹಾಗೇ ಕೇಳಿದವನು. ಸಲೀಸಾಗಿ ಓಡುತ್ತಿತ್ತು.

ಲಿಬ್ಬಿ ಚರ್ಚಿನಿಂದ ಬಂದವಳು ಹತ್ತಿರ ಬಂದು ನಿಂತಳು. "ಟಕ್ ಟಕ್ ಅಂತಿದೆ ಎಮಿಲ್."

"ಹಳೇ ಎಂಜಿನ್ನು. ಸ್ವಲ್ಪ ಗೊಣಗುತ್ತೆ."

"ಗೊಣಗೋದಲ್ಲ. ಯಾರೋ ಚಮಚದಲ್ಲಿ ಪಾತ್ರೆ ಬಡಿದ ಹಾಗೆ."

"ನಲವತ್ತು ವರ್ಷ ಯಾರು ಎಂಜಿನ್ ಕೇಳಿದ್ದು, ನೀನಾ ನಾನಾ?"

ಅವಳು ನನ್ನ ಮುಖವನ್ನೇ ನೋಡಿ ಏನೋ ಅಂದಳು. ಏನಂದೆ ಅಂದೆ. ಏನಿಲ್ಲ ಬಿಡು ಅಂದಳು. ಈ ಮಾತೊಂದು ಮಾತ್ರ ನನಗೆ ದಿನಾ ಸ್ಪಷ್ಟವಾಗಿ ಸಿಗುತ್ತದೆ, ಏನಿಲ್ಲ ಬಿಡು.

ಮೇ 11, ಮಂಗಳವಾರ

ಮೇಲಿನ ಮುಚ್ಚಳ ಬಿಚ್ಚಿದೆ. ಎರಡನೇ ಸಿಲಿಂಡರಿನಲ್ಲಿ ಒಂದು ನಟ್ಟು ಸಡಿಲವಾಗಿ ಕುಣಿದ ಗುರುತು. ಇನ್ನೆರಡು ಗಂಟೆ ಓಡಿಸಿದ್ದರೆ ಎಂಜಿನ್ನಿನ ಕಥೆ ಮುಗಿಯುತ್ತಿತ್ತು. ಬಿಗಿ ಮಾಡಿದೆ. ಲಿಬ್ಬಿಗೆ ಹೇಳಲಿಲ್ಲ.

ಇನ್ನೊಂದು ವಿಷಯ. ಹೋದ ಅಕ್ಟೋಬರಿನಲ್ಲಿ ಶಾಲೆಯ ಹದಿನಾಲ್ಕನೇ ನಂಬರ್ ಬಸ್ಸನ್ನು ನಾನೇ ಓಡಿಸಿ ನೋಡಿ, ಸರಿಯಿದೆ ಎಂದು ಸಹಿ ಹಾಕಿದ್ದೆ. ಆರನೇ ದಿನ ಹಿಂದಿನ ಚಕ್ರದ ಬೇರಿಂಗ್ ಕಾದು ಹೊಗೆ ಎದ್ದಿತು. ಒಳಗೆ ಇಪ್ಪತ್ತಾರು ಮಕ್ಕಳಿದ್ದರು. ಡ್ರೈವರ್ ಹೆಂಗಸು ಚುರುಕು, ತಕ್ಷಣ ನಿಲ್ಲಿಸಿ ಎಲ್ಲರನ್ನೂ ಇಳಿಸಿದಳು. ಯಾರಿಗೂ ಏನೂ ಆಗಲಿಲ್ಲ. ಬೇರಿಂಗ್ ಆರು ದಿನ ಮೊದಲೇ ಕೂಗುತ್ತಿತ್ತು ಎಂದು ಅವಳು ಹೇಳಿದಳಂತೆ. ಯಾರೂ ನನ್ನನ್ನು ಕೇಳಲಿಲ್ಲ. ತಿಂಗಳ ಕೊನೆಗೆ ನಿವೃತ್ತಿ ತೆಗೆದುಕೊಂಡೆ. ವಯಸ್ಸಾಯಿತು, ಸಾಕು ಅಂದೆ. ಲಿಬ್ಬಿಗೂ ಅಷ್ಟೇ ಹೇಳಿದ್ದು.

ಬಸ್ಸಿನ ಪುಸ್ತಕದಲ್ಲಿ ಇದನ್ನು ಏಕೆ ಬರೆದೆನೋ.

ಮೇ 19, ಬುಧವಾರ

ಪಾತ್ರೆ ತೊಳೆಯುವ ತೊಟ್ಟಿಯ ಅಡಿಯಲ್ಲಿ ಹಿತ್ತಾಳೆಯ ಪುಟ್ಟ ಫಲಕ ಸಿಕ್ಕಿತು. ಟಿ. ಹೇಗನ್, ಗ್ರ್ಯಾಂಡ್ ಐಲೆಂಡ್, 1963. ಆ ಊರಿನ ಫೋನ್ ಪುಸ್ತಕದಲ್ಲಿ ಡಬ್ಲ್ಯೂ. ಹೇಗನ್ ಅಂತ ಒಂದು ಹೆಸರು. ಫೋನು ನೀನೇ ಮಾಡು ಎಂದು ಲಿಬ್ಬಿಗೆ ಕೊಟ್ಟೆ. ನಮ್ಮ ಫೋನಿನಲ್ಲಿ ಈಗ ಬರೀ ಗೊರಗೊರ.

ಅವಳು ಕಿವಿಗಿಟ್ಟುಕೊಂಡು, ಇಟ್ಟು, ಇನ್ನೊಂದು ನಂಬರಿಗೆ ಮಾಡಿ, ಬಹಳ ಹೊತ್ತು ಮಾತಾಡಿದಳು. ನಡುನಡುವೆ ಸುಮ್ಮನೆ ಕಾಯುತ್ತಿದ್ದಳು. ಕೊನೆಗೆ ಇಟ್ಟು, ನನ್ನ ಎದುರಿಗೆ ಬಂದು ಕೂತಳು.

"ಆಕೆ ಹೆಸರು ವಿನಿಫ್ರೆಡ್. ಎಂಬತ್ತೊಂದು ವರ್ಷ. ಬಸ್ಸು ಗಂಡ ಕಟ್ಟಿದ್ದು, ಥರ್ಮನ್ ಅಂತ. ತೀರಿಕೊಂಡು ಹದಿಮೂರು ವರ್ಷ ಆಯ್ತಂತೆ. ಆಮೇಲೆ ಯಾರಿಗೋ ಮಾರಿದ್ದು, ಅವನು ನಮ್ಮೂರ ತನಕ ತಂದು ಬಿಟ್ಟು ಹೋದ."

"ಕನ್ನಡಿ ಯಾಕೆ ಅಂತ ಕೇಳಿದೆಯಾ?"

"ಕೇಳಬೇಕಾಗಲಿಲ್ಲ. ಆಕೆ ಮಾತಾಡಿದ್ದು ಟೈಪ್ ಮಾಡೋ ಫೋನಲ್ಲಿ. ಮಧ್ಯದಲ್ಲಿ ಒಬ್ಬಳು ಕೂತು ಓದಿ ಹೇಳ್ತಾಳೆ." ಲಿಬ್ಬಿ ಕುರ್ಚಿಯನ್ನು ಹತ್ತಿರ ಎಳೆದುಕೊಂಡಳು. "ಇಬ್ಬರೂ ಹುಟ್ಟು ಕಿವುಡರು, ಎಮಿಲ್."

ಮೇ 20, ಗುರುವಾರ

ಬೆಳಿಗ್ಗೆ ಆರಕ್ಕೇ ಬಸ್ಸಿಗೆ ಹೋಗಿ ಕೂತೆ. ಪೆಟ್ಟಿಗೆಗೆ ಬೀಗದಕೈ ಸಿಕ್ಕಿದ ಹಾಗೆ ಒಂದೊಂದೇ ತೆರೆದುಕೊಂಡಿತು.

ಕೈಯಲ್ಲಿ ಮಾತಾಡುವವರಿಗೆ ಒಬ್ಬರನ್ನೊಬ್ಬರು ನೋಡದೆ ಮಾತಿಲ್ಲ. ಒಲೆಯ ಮುಂದೆ ನಿಂತವಳು ಬೆನ್ನು ತಿರುಗಿಸಿಯೂ ಮೇಜಿನವನ ಕೈ ನೋಡಬೇಕು. ಅದಕ್ಕೆ ಕನ್ನಡಿ. ಕತ್ತು ತಿರುಗಿಸಲಾಗದ ಡ್ರೈವರನನ್ನು ಕರೆಯಬೇಕಾದರೆ ಕೂಗಿ ಪ್ರಯೋಜನವಿಲ್ಲ. ಅದಕ್ಕೆ ಕೆಂಪು ಬಲ್ಬು. ನಾನು ಮೇಜಿನ ಬಳಿ ಕೂತು ನೋಡಿದೆ: ಒಂದು ಕನ್ನಡಿಯಿಂದ ಇನ್ನೊಂದಕ್ಕೆ ಹಾದು ಮುಂದಿನ ಗಾಜು, ರಸ್ತೆ, ಮೆಟ್ಟಿಲು, ಮಂಚ, ಎಲ್ಲವೂ ಕಾಣುತ್ತವೆ. ಈ ಬಸ್ಸಿನಲ್ಲಿ ಒಬ್ಬರಿಗೆ ಇನ್ನೊಬ್ಬರು ಕಾಣದ ಜಾಗವೇ ಇಲ್ಲ.

ಆಮೇಲೆ ಎಂಜಿನ್ ಹೊತ್ತಿಸಿ ಆ ಗುಬುಟಿನ ಮೇಲೆ ಅಂಗೈ ಇಟ್ಟೆ.

ಹೇಗೆ ಬರೆಯಲಿ. ಇಪ್ಪತ್ತೈದು ಅಡಿ ಹಿಂದಿನ ಎಂಜಿನ್ ಕೈಯೊಳಗೇ ಇತ್ತು. ನಾಲ್ಕು ಸಿಲಿಂಡರೂ ಬೇರೆ ಬೇರೆಯಾಗಿ, ಒಂದರ ಹಿಂದೊಂದು ಅಂಗೈಗೆ ತಟ್ಟುತ್ತಿದ್ದವು. ಮೂರನೆಯದು ತುಸು ಕುಂಟುತ್ತಿತ್ತು. ಹೋಗಿ ನೋಡಿದರೆ ಮೂರನೆಯದಕ್ಕೆ ಎಣ್ಣೆ ಸಿಂಪಡಿಸುವ ಕೊಳವೆ ಒಸರುತ್ತಿದೆ. ಬಿಗಿ ಮಾಡಿ ಬಂದು ಮತ್ತೆ ಕೈಯಿಟ್ಟೆ. ಕುಂಟು ಹೋಗಿತ್ತು. ಕಿವಿಗೆ ಮಾತ್ರ ಮೊದಲೂ ಒಂದೇ, ಆಮೇಲೂ ಒಂದೇ. ಸ್ಕ್ರೂಡ್ರೈವರ್ ಇಟ್ಟುಕೊಂಡು ಎರಡೂ ಕಿವಿಯಲ್ಲಿ ಕೇಳಿದೆ. ಎಲ್ಲೋ ದೂರದಲ್ಲಿ ಯಾರೋ ಕಂಬಳಿ ಕೊಡವಿದ ಹಾಗೆ.

ಮಧ್ಯಾಹ್ನದವರೆಗೂ ಕೈಯಿಟ್ಟುಕೊಂಡೇ ಕೂತಿದ್ದೆ. ಡೀಸೆಲ್ ಅರ್ಧ ಟ್ಯಾಂಕು ಖರ್ಚು.

ಜೂನ್ 3, ಗುರುವಾರ

ವಿನಿಫ್ರೆಡ್ ಹೇಗನ್‌ಗೆ ಕಾಗದ ಬರೆದೆ. ಪ್ರಶ್ನೆ ಇಪ್ಪತ್ತೆರಡಾದವು. ಲಿಬ್ಬಿ ಓದಿ, "ಮದುವೆಗೆ ಮುಂಚೆ ನನಗೆ ಬರೆದ ಕಾಗದ ಇದರ ಕಾಲು ಭಾಗವೂ ಇರಲಿಲ್ಲ" ಅಂದಳು. ನಗುತ್ತಿದ್ದಳು ಅನ್ನಿಸಿತು.

ಜೂನ್ 14, ಸೋಮವಾರ

ಉತ್ತರ ಬಂತು. ಅಚ್ಚಿನ ಹಾಗೆ ಅಕ್ಷರ. ಥರ್ಮನ್ ಪತ್ರಿಕೆಯ ಮುದ್ರಣಾಲಯದಲ್ಲಿ ಅಕ್ಷರ ಜೋಡಿಸುತ್ತಿದ್ದವರಂತೆ. ಆ ಯಂತ್ರಗಳ ಗದ್ದಲದಲ್ಲಿ ಕೇಳುವವರು ತಲೆ ಹಿಡಿದುಕೊಂಡು ಓಡಿದರೆ ಇವರು ಆರಾಮವಾಗಿ ಕೂತು ಕೆಲಸ ಮಾಡುತ್ತಿದ್ದರಂತೆ. ರಜೆ ಬಂತೆಂದರೆ ಇಬ್ಬರೂ ಬಸ್ಸು ಹತ್ತುವುದು. ಮೂವತ್ತು ವರ್ಷ ಹಾಗೇ ನಡೆಯಿತು.

ಒಂದು ಭಾಗ ಇಲ್ಲೇ ಇಳಿಸಿಕೊಳ್ಳುತ್ತೇನೆ:

"ಹದಿನೇಳಲ್ಲ, ಹತ್ತೊಂಬತ್ತು. ಸರಿಯಾಗಿ ಹುಡುಕಿ. ತೊಟ್ಟಿಯ ಮೇಲಿನದು ನಾನೇ ಹಟ ಹಿಡಿದು ಹಾಕಿಸಿದ್ದು. ಪಾತ್ರೆ ತೊಳೆಯುವಾಗ ನನ್ನ ಬೆನ್ನು ಅವರ ಕಡೆ ಇರುತ್ತಿತ್ತು. ಜಗಳದ ನಡುವೆ ಹೇಳಬೇಕಾದ್ದೆಲ್ಲ ಹೇಳಿ, ಅವರು ತಿರುಗಿಸಿ ಹೇಳದಿರಲೆಂದು ನಾನು ಪಾತ್ರೆ ತೊಳೆಯಲು ನಿಂತುಬಿಡುತ್ತಿದ್ದೆ. ಅದು ಮೋಸ ಎಂದು ಒಂದು ದಿನ ನನಗೇ ಅನ್ನಿಸಿತು. ಓಡಿಸುವಾಗ ಜಗಳ ಬಂದರೆ ಅವರು ಬಸ್ಸನ್ನು ಪಕ್ಕಕ್ಕೆ ಹಾಕಲೇಬೇಕು, ಎರಡೂ ಕೈ ಬೇಕಲ್ಲ. ವಯೋಮಿಂಗ್‌ನಲ್ಲಿ ಒಂದು ದಿನಕ್ಕೆ ನಾಲ್ಕು ಸಲ ನಿಂತಿದ್ದೇವೆ."

ಜೂನ್ 15, ಮಂಗಳವಾರ

ಹದಿನೆಂಟನೆಯದು ಸಿಕ್ಕಿತು. ಕಪಾಟಿನ ಬಾಗಿಲಿನ ಒಳಮೈಯಲ್ಲಿದೆ. ಬಾಗಿಲು ತೆರೆದಾಗ ಅದು ಮುಖಕ್ಕೆ ಅಡ್ಡ ಬರುತ್ತದಲ್ಲ, ಆಗಲೂ ಮಾತು ನಿಲ್ಲಬಾರದೆಂದು.

ಹತ್ತೊಂಬತ್ತು ಇನ್ನೂ ಇಲ್ಲ. ಲಿಬ್ಬಿಯೂ ಬಂದು ಹುಡುಕಿದಳು. ಮಂಡಿಯೂರಿ ಟಾರ್ಚು ಬಿಟ್ಟಳು.

ಜೂನ್ 27, ಭಾನುವಾರ

ನೆಲಕ್ಕೆ ಹೊಸ ಹಲಗೆ ಮುಗಿಯಿತು. ಚಾವಣಿಗೆ ಟಾರು ಬಟ್ಟೆ ಎರಡು ಪದರ. ಬ್ರೇಕಿನ ಗಾಳಿ ಈಗ ಇಡೀ ರಾತ್ರಿ ಸೋರದೆ ನಿಲ್ಲುತ್ತದೆ. ಟೈರುಗಳು ಗುರುವಾರ ಬಂದವು.

ನಮ್ಮ ಮನೆಯ ಅಡುಗೆಮನೆಯಲ್ಲಿ ತೊಟ್ಟಿಯ ಮೇಲೆ ಒಂದು ಕನ್ನಡಿ ಹಾಕಿದೆ. "ಇದ್ಯಾಕೆ?" ಅಂದಳು ಲಿಬ್ಬಿ.

"ಬೆಳಕು ಚೆನ್ನಾಗಿ ಬರಲಿ ಅಂತ."

ಪಕ್ಕದಲ್ಲೇ ಕಿಟಕಿಯಿದೆ. ಅವಳು ಕಿಟಕಿ ನೋಡಿದಳು, ಕನ್ನಡಿ ನೋಡಿದಳು, ಕನ್ನಡಿಯಲ್ಲಿ ನನ್ನನ್ನು ನೋಡಿದಳು. ಊಟವಾದ ಮೇಲೆ ಪಾತ್ರೆ ತೊಳೆಯುತ್ತಾ ಮಾತಾಡಿದಳು. ಟೊಮೆಟೊ ಗಿಡಕ್ಕೆ ಹುಳ ಬಿದ್ದಿದೆಯಂತೆ.

ಜುಲೈ 10, ಶನಿವಾರ

ಬಸ್ಸು ಮೊದಲ ಸಲ ರಸ್ತೆಗಿಳಿಯಿತು. ಬಸ್ಸು ಚೆನ್ನಾಗಿದೆ. ಲಿಬ್ಬಿ ಚೆನ್ನಾಗಿದ್ದಾಳೆ. ಇವತ್ತು ಇಷ್ಟೇ.

ಜುಲೈ 11, ಭಾನುವಾರ

ಬರೆದೇಬಿಡುತ್ತೇನೆ.

ಊರ ಹೊರಗಿನ ಮಣ್ಣುರಸ್ತೆಯಲ್ಲಿ ಹೋಗಿದ್ದೆವು. ಲಿಬ್ಬಿ ಹಿಂದೆ ಮೇಜಿನ ಬಳಿ ಕೂತಿದ್ದಳು. ಎರಡೂ ಕಡೆ ಜೋಳ ಆಳೆತ್ತರ. ರೈಲು ಹಳಿ ದಾಟುವ ಕಡೆ ಗೇಟಿಲ್ಲ, ಬರೀ ಅಡ್ಡಪಟ್ಟಿಯ ಫಲಕ. ಶಾಲೆಯ ಬಸ್ಸಾದರೆ ಅಲ್ಲಿ ನಿಲ್ಲಿಸಿ, ಬಾಗಿಲು ತೆಗೆದು, ಎರಡೂ ಕಡೆ ನೋಡಿ ಕೇಳಿಯೇ ದಾಟಬೇಕೆಂಬ ನಿಯಮ. ಎಷ್ಟು ಹೊಸ ಡ್ರೈವರುಗಳಿಗೆ ನಾನೇ ಹೇಳಿಕೊಟ್ಟಿದ್ದೇನೆ. ನಿನ್ನೆ ನಾನು ನಿಲ್ಲಿಸಲಿಲ್ಲ. ಇದು ಶಾಲೆಯ ಬಸ್ಸಲ್ಲವಲ್ಲ ಅಂದುಕೊಂಡೆ. ವೇಗ ಇಳಿಸಿದೆ, ಕಿವಿಗೊಟ್ಟೆ, ಏನೂ ಇರಲಿಲ್ಲ. ಗೇರು ಹಾಕಿದೆ.

ಕಣ್ಣೆದುರಿನ ಕೆಂಪು ಬಲ್ಬು ಹೊತ್ತಿತು. ಆರಿತು, ಹೊತ್ತಿತು, ಆರಿತು, ಹೊತ್ತಿತು. ಕಾಲು ತಾನಾಗಿ ಬ್ರೇಕಿಗೆ ಹೋಯಿತು. ಮುಂದಿನ ಚಕ್ರ ಹಳಿಗೆ ಎರಡು ಗಜ ಈಚೆ ನಿಂತಿತು. ಜೋಳದ ಮರೆಯಿಂದ ರೈಲು ಬಂದು ಗಾಜಿನ ತುಂಬ ತುಂಬಿಕೊಂಡಿತು. ಕಲ್ಲಿದ್ದಲಿನ ಗಾಡಿ, ನೂರಕ್ಕೂ ಹೆಚ್ಚು ಡಬ್ಬಿ. ಅಷ್ಟು ಹತ್ತಿರ ಬಂದಮೇಲೆ ಕೇಳಿಸಿತು.

ಬಸ್ಸನ್ನು ಹಿಂದಕ್ಕೆ ತೆಗೆದು ಬದಿಗೆ ಹಾಕಿ ಎಂಜಿನ್ ನಿಲ್ಲಿಸಿದೆ. ಲಿಬ್ಬಿ ಇನ್ನೂ ಮೇಜಿನ ಕೆಳಗಿನ ಗುಂಡಿಯ ಮೇಲೆ ಕೈಯಿಟ್ಟುಕೊಂಡೇ ಇದ್ದಳು. ಎದುರಿಗೆ ಹೋಗಿ ಕೂತೆ.

"ಮೂರು ಸಲ ಕೂಗಿತು ಅದು" ಅಂದಳು. "ನಾನೂ ಕೂಗಿದೆ. ನಿನ್ನ ಹೆಸರು ಹಿಡಿದು ಕೂಗಿದೆ."

"ಕೇಳಲಿಲ್ಲ."

"ಗೊತ್ತು. ಎಷ್ಟು ವರ್ಷದಿಂದ ಗೊತ್ತು ಅಂತ ಕೇಳು."

ಕೇಳಿದೆ. ಏಳು ವರ್ಷ ಅಂದಳು. ಆಮೇಲೆ ಹೇಳಿದಳು: "ನಿನ್ನ ಹತ್ತಿರ ಮಾತಾಡೋದು ಅಂದ್ರೆ ಬಾವಿಗೆ ಕಲ್ಲು ಹಾಕಿದ ಹಾಗಾಗಿದೆ ಎಮಿಲ್. ಹಾಕ್ತೀನಿ, ಸದ್ದು ಬರುತ್ತಾ ಅಂತ ಕಾಯ್ತೀನಿ. ವಿಲ್ಬರಿಗೆ ಯಾಕೆ ಹೋಗ್ತೀನಿ ಅಂದ್ಕೊಂಡಿದ್ದೀಯ? ಅಲ್ಲಿ ಒಂದು ಮಾತು ಒಂದೇ ಸಲ ಹೇಳಿದ್ರೆ ಸಾಕು."

ಹದಿನಾಲ್ಕನೇ ನಂಬರ್ ಬಸ್ಸಿನ ವಿಷಯ ಹೇಳಿದೆ. ಇಪ್ಪತ್ತಾರು ಮಕ್ಕಳು ಅಂದೆ. ಅವಳು ಮೇಜಿನಾಚೆಯಿಂದ ಕೈಚಾಚಿ ನನ್ನ ತೋಳು ಹಿಡಿದುಕೊಂಡಳು. ಎಷ್ಟು ಹೊತ್ತು ಹಾಗಿದ್ದೆವೋ, ಇನ್ನೊಂದು ರೈಲು ಹೋಯಿತು.

ಮತ್ತೆ ಹೊರಟಾಗ ಹಳಿಯ ಬಳಿ ನಿಲ್ಲಿಸಿ, ಬಾಗಿಲು ತೆಗೆದೆ. ಲಿಬ್ಬಿ ಇಳಿದು ಹಳಿಯ ಮೇಲೆ ನಿಂತು ಎರಡೂ ಕಡೆ ನೋಡಿ ಕೈಬೀಸಿದ ಮೇಲೆ ದಾಟಿದೆ.

ಆಗಸ್ಟ್ 4, ಬುಧವಾರ

ಲಿಂಕನ್‌ನಲ್ಲಿ ಕಿವಿ ಪರೀಕ್ಷೆ. ಗಾಜಿನ ಗೂಡಿನಲ್ಲಿ ಕೂರಿಸಿ, ಸದ್ದು ಬಂದಾಗ ಕೈಯೆತ್ತು ಅಂದರು. ಬಹಳ ಹೊತ್ತು ಏನನ್ನೂ ಕಳಿಸಲಿಲ್ಲ. ಕಳಿಸುತ್ತಲೇ ಇದ್ದರಂತೆ.

ಎಡಗಿವಿ ಬಹುಪಾಲು ಹೋಗಿದೆ. ಬಲಗಿವಿ ಅರ್ಧ. ನಲವತ್ತು ವರ್ಷ ಎಂಜಿನ್ನಿಗೆ ಕಿವಿ ಕೊಟ್ಟದ್ದರ ಫಲ. ಕಿವಿಗಿಡುವ ಮೆಷಿನ್ನು ಮೂರು ವಾರದಲ್ಲಿ ಬರುತ್ತದೆ. ಅದರೊಳಗಿನ ರಚನೆ ಹೇಗೆ ಎಂದು ಕೇಳಿದೆ. ಪರೀಕ್ಷೆ ಮಾಡಿದ ಹುಡುಗಿ ಒಂದು ಹಳೆಯದನ್ನು ಬಿಚ್ಚಿ ತೋರಿಸಿದಳು. ಬಟಾಣಿ ಗಾತ್ರದಲ್ಲಿ ಏನೇನಿದೆ ಅಂತೀರಿ.

ಆಗಸ್ಟ್ 6, ಶುಕ್ರವಾರ

ಹೋಟೆಲಿಗೆ ಹೋದೆ, ಎಷ್ಟೋ ದಿನದ ಮೇಲೆ. ಗೋಡೆಗೆ ಬೆನ್ನು ಕೊಟ್ಟು ಕೂತೆ. ಅಲ್ಲಿಂದ ಎಲ್ಲರ ಮುಖವೂ ಕಾಣುತ್ತದೆ. ಸ್ಟ್ಯಾನ್ ಏನೋ ಹೇಳಿ ನಕ್ಕ.

"ಸ್ಟ್ಯಾನ್, ನನಗೆ ಕೇಳಲ್ಲ. ಈ ಕಡೆ ತಿರುಗಿ ಹೇಳು."

ಅವನ ಕೈಯ ಕಪ್ಪು ಅಲ್ಲೇ ನಿಂತಿತು. "ಯಾವಾಗಿಂದ?"

"ಲಿಬ್ಬಿ ಲೆಕ್ಕದಲ್ಲಿ ಏಳು ವರ್ಷ."

"ಅಂದ್ರೆ ಏಳು ವರ್ಷದಿಂದ ನಾನು ಹೇಳಿದ ಜೋಕೆಲ್ಲಾ ದಂಡವಾ?"

"ನಗ್ತಿದ್ದೆನಲ್ಲ."

"ತಪ್ಪು ಜಾಗದಲ್ಲಿ ನಗ್ತಿದ್ದೆ ಕಣೋ. ನಮ್ಮಮ್ಮ ಸತ್ತಿದ್ದು ಹೇಳಿದಾಗಲೂ ನಕ್ಕಿದ್ದೆ." ಕಪ್ಪು ಕೆಳಗಿಟ್ಟು ಅಂದ, "ಒಂದು ವರ್ಷ ನಿನ್ನ ಮೇಲೆ ಸಿಟ್ಟಿತ್ತು ನನಗೆ."

ಆ ಸಿಟ್ಟಿನ ವಿಷಯ ನನಗೆ ಗೊತ್ತೇ ಇರಲಿಲ್ಲ. ಅವನ ಅಮ್ಮನ ಬಗ್ಗೆ ಕೇಳಿದೆ. ಎರಡು ಕಪ್ ಕಾಫಿ ಆಗುವವರೆಗೆ ಹೇಳಿದ, ನನ್ನ ಕಡೆಗೇ ತಿರುಗಿಕೊಂಡು.

ಆಗಸ್ಟ್ 30, ಸೋಮವಾರ

ಮೆಷಿನ್ನು ಬಂತು. ಫ್ರಿಜ್ಜು ಕೂಗುತ್ತದೆ, ಚಪ್ಪಲಿ ಕೂಗುತ್ತದೆ, ಈ ಪೆನ್ನು ಕಾಗದದ ಮೇಲೆ ಕೂಗುತ್ತಿದೆ. ಒಂದು ಗಂಟೆಗೆ ತಲೆನೋವು. ತೆಗೆದಿಟ್ಟೆ. ಮತ್ತೆ ಹಾಕಿದೆ.

ಲಿಬ್ಬಿಯ ಧ್ವನಿ ಸ್ವಲ್ಪ ಒಡೆದಿದೆ. ವಯಸ್ಸಾದವರ ಧ್ವನಿ. ನನ್ನ ನೆನಪಿನಲ್ಲಿದ್ದದ್ದು ಬೇರೆ.

ಹತ್ತೊಂಬತ್ತನೇ ಕನ್ನಡಿ ಅವಳೇ ಕಂಡುಹಿಡಿದಳು. ಮಂಚದ ಬದಿಯ ಕಿಟಕಿಯ ಹೊರಗೆ, ಬಸ್ಸಿನ ಮೈಗೇ ಅಂಟಿಸಿದ್ದು, ಮೇಲೆ ಯಾರೋ ಬಣ್ಣ ಬಳಿದುಬಿಟ್ಟಿದ್ದರು. ಕೆರೆದು ನೋಡಿದೆವು. ಬಸ್ಸನ್ನು ಹದವಾಗಿ ತಿರುಗಿಸಿ ನಿಲ್ಲಿಸಿದರೆ ಮಲಗಿದಲ್ಲಿಂದಲೇ ಮೂಡಣ ದಿಕ್ಕು ಕಾಣುತ್ತದೆ. ಇದು ಮಾತಿಗಾಗಿ ಹಾಕಿದ್ದಲ್ಲ. ಬರೀ ಸೂರ್ಯ ಹುಟ್ಟುವುದನ್ನು ನೋಡಲು.

ಸೆಪ್ಟೆಂಬರ್ 18, ಶನಿವಾರ

ಗ್ರ್ಯಾಂಡ್ ಐಲೆಂಡ್‌ಗೆ ಹೋಗಿ ಬಂದೆವು. ಬಸ್ಸಿನ ಮೊದಲ ದೂರದ ಪ್ರಯಾಣ. ಎಲ್ಲೂ ಕೈಕೊಡಲಿಲ್ಲ.

ವಿನಿಫ್ರೆಡ್ ತಮ್ಮ ಮನೆಯ ಮುಂದೆ ಕುರ್ಚಿ ಹಾಕಿಕೊಂಡು ಕಾಯುತ್ತಿದ್ದರು. ಸಣ್ಣ ಮೈ, ಬಿಳಿ ಬೂಟು, ಕತ್ತಿಗೆ ದಾರದಲ್ಲಿ ಕಟ್ಟಿದ ಪುಟ್ಟ ನೋಟ್‌ಬುಕ್. ಲಿಬ್ಬಿ ಲೈಬ್ರರಿಯ ಪುಸ್ತಕ ನೋಡಿ ಕಲಿತ ನಾಲ್ಕು ಸಂಜ್ಞೆಗಳನ್ನು ಮಾಡಿದಳು. ಅವರು ಲಿಬ್ಬಿಯ ಬೆರಳು ಹಿಡಿದು ಮೂರನ್ನು ತಿದ್ದಿದರು.

ಒಳಗೆ ಹೋಗುವ ಮೊದಲು ಬಸ್ಸಿಗೆ ಒಂದು ಸುತ್ತು ಬಂದು ಟೈರುಗಳನ್ನು ಒದ್ದು ನೋಡಿದರು. ಹತ್ತಿ, ನಾಲ್ಕು ಕನ್ನಡಿಗಳನ್ನು ತುಸು ತುಸು ತಿರುಗಿಸಿದರು. ಬರೆದರು: "ಪರದೆ ಹಳದಿ ಇತ್ತು. ನೀಲಿ ಅಲ್ಲ." ಆಮೇಲೆ ಡ್ರೈವರ್ ಸೀಟಿನ ಹಿಂದೆ ನಿಂತರು. ಬಹಳ ಹೊತ್ತು ನಿಂತರು. ಗಂಡನ ನೆನಪಾಗಿರಬೇಕೆಂದು ನಾವಿಬ್ಬರೂ ಆಚೆ ಸರಿದೆವು. ಅವರು ನನ್ನ ತೋಳು ತಟ್ಟಿ ನೋಟ್‌ಬುಕ್ ಮುಂದೆ ಹಿಡಿದರು.

"ನಾನು ಓಡಿಸಬಹುದೇ? ಮೂವತ್ತು ವರ್ಷ ಕೇಳಿದೆ. ಸ್ಟೀರಿಂಗ್ ಬಹಳ ಭಾರ, ನಿನ್ನ ಕೈಲಾಗದು ಎನ್ನುತ್ತಿದ್ದರು."

ಲಿಬ್ಬಿಯ ಕಡೆ ನೋಡಿದೆ. "ನನ್ನನ್ಯಾಕೆ ನೋಡ್ತೀಯ, ಕೊಡು" ಅಂದಳು.

ವಸ್ತುಪ್ರದರ್ಶನದ ಮೈದಾನ ಖಾಲಿಯಿತ್ತು. ಅಲ್ಲಿಯವರೆಗೆ ನಾನು ತಂದೆ. ಅವರು ಕೂತು, ಬೆನ್ನಿಗೆ ದಿಂಬಿಟ್ಟುಕೊಂಡು, ಎಡಗೈಯನ್ನು ಗುಬುಟಿನ ಮೇಲೆ ಒಂದು ಕ್ಷಣ ಇಟ್ಟು, ಕಣ್ಣು ಮುಚ್ಚಿ ತೆರೆದರು. ಗೇರು ಹಾಕಿದರು. ಗೇರಿನ ಹಲ್ಲು ಕಚ್ಚದೆ ಸಲೀಸಾಗಿ ಬಿತ್ತು. ನಲವತ್ತು ವರ್ಷದ ನನ್ನ ಕೈಗೇ ಅದು ಹತ್ತರಲ್ಲಿ ಎರಡು ಸಲ ಕಚ್ಚುತ್ತದೆ. ಮೂವತ್ತು ವರ್ಷ ಪಕ್ಕದಲ್ಲಿ ಕೂತು ನೋಡಿದ್ದರಲ್ಲ. ಮೊದಲ ಸುತ್ತು ನಡಿಗೆಯ ವೇಗದಲ್ಲಿ. ಎರಡನೆಯದು ಅದಕ್ಕಿಂತ ಜೋರು. ಮೂರನೇ ಸುತ್ತಿನಲ್ಲಿ ಲಿಬ್ಬಿ ಮೇಜಿನ ಅಂಚನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

ನಿಲ್ಲಿಸಿ, ಬೆವರು ಒರೆಸಿಕೊಂಡು ಬರೆದರು: "ಸುಳ್ಳುಗಾರ. ಇದೇನೂ ಅಷ್ಟು ಭಾರವಿಲ್ಲ."

ನಕ್ಕರು. ತಡೆಯಿಲ್ಲದ, ದೊಡ್ಡ ನಗು. ನಗುತ್ತಾ ಕಣ್ಣಲ್ಲಿ ನೀರು ಬಂತು. ಅದನ್ನು ಒರೆಸಿಕೊಳ್ಳದೆ ಮತ್ತೆ ಗೇರು ಹಾಕಿದರು.

ವಾಪಸು ಬರುವಾಗ ಯಾರ್ಕ್ ಹತ್ತಿರ ಊಟಕ್ಕೆ ನಿಲ್ಲಿಸಿದೆವು. ಮೇಜಿನ ಎರಡು ಕಡೆ ಕೂತು, ಮನೆಯಿಂದ ತಂದ ರೊಟ್ಟಿ, ಹಂದಿಮಾಂಸ, ಉಪ್ಪುಸೌತೆ ತಿಂದೆವು. ವಿನಿಫ್ರೆಡ್ ಮೂವತ್ತು ವರ್ಷ ಕೇಳಿದ್ದರಂತಲ್ಲ ಎಂದು ನಾನು ಆಶ್ಚರ್ಯಪಡುತ್ತಿದ್ದೆ. ಲಿಬ್ಬಿ ರೊಟ್ಟಿಯ ಅಂಚು ಮುರಿಯುತ್ತಾ ಅಂದಳು:

"ನಾನು ಚರ್ಚಲ್ಲಿ ಹಾಡೋದು ಬಿಟ್ಟು ಎರಡು ವರ್ಷ ಆಯ್ತು."

ಇಪ್ಪತ್ತೆಂಟು ವರ್ಷ ಹಾಡಿದವಳು. ಪ್ರತಿ ಭಾನುವಾರ ಅವಳ ಜೊತೆಗೆ ಹೋಗುವುದನ್ನು ನಾನು ನಿಲ್ಲಿಸಿ ಎಷ್ಟೋ ಕಾಲವಾಗಿತ್ತು, ಅಲ್ಲಿ ಏನೂ ತಿಳಿಯುವುದಿಲ್ಲವೆಂದು.

"ನನಗೆ ಹೇಳಲೇ ಇಲ್ಲ."

"ಹೇಳಿದೆ. ಅಡುಗೆಮನೆಯಲ್ಲಿ ನಿಂತು ಹೇಳಿದೆ. ಒಳ್ಳೇದಾಯ್ತು ಅಂದೆ ನೀನು."

ಹೊರಗೆ ಲಾರಿಗಳು ಹೋಗುತ್ತಿದ್ದವು. ಮೆಷಿನ್ನಿನಲ್ಲಿ ಅವುಗಳದ್ದೇ ಸದ್ದು ಹೆಚ್ಚು. ಎದ್ದು ಕಿಟಕಿ ಮುಚ್ಚಿ ಬಂದೆ.

"ಯಾಕೆ ಬಿಟ್ಟೆ?" ಅಂದೆ.

ಅವಳು ನನ್ನನ್ನು ಒಂದು ಗಳಿಗೆ ನೋಡಿದಳು, ನಿಜವಾಗಿ ಕೇಳುತ್ತಿದ್ದೇನೋ ಇಲ್ಲವೋ ಎಂಬಂತೆ. ಆಮೇಲೆ ಡಬ್ಬಿಯ ಮುಚ್ಚಳ ಹಾಕಿ, ಮೇಜನ್ನು ಕೈಯಿಂದ ಒರೆಸಿ, ಮೊದಲಿನಿಂದ ಹೇಳಲು ಶುರುಮಾಡಿದಳು.